ಎಲ್ಮ್‌ಸ್ಟೋ ಚೂರಿ – ಕಂತು ಒಂಬತ್ತು: ಬಿಸಿನೀರಿನ ಪರೀಕ್ಷೆ

“ಇದು ಮಿಷನ್ ಹೊಲಿಗೆ, ಬ್ಯಾರಿ.”

“ಎಲ್ಲಿ?”

“ಕಂಕುಳ ಕೆಳಗೆ.”

“ನನ್ನ ಕಂಕುಳ ಕೆಳಗೆ ಯಾವನು ಬಗ್ಗಿ ನೋಡ್ತಾನೆ ಮಾರಾಯ? ನೋಡಿದವನು ಬದುಕಿ ಉಳಿದ್ರೆ ತಾನೆ ದೂರು ಕೊಡೋದು!”

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದರು. ನೆವಿಲ್ ವೂಲ್ನೋ ನಗಲಿಲ್ಲ. ಪುಸ್ತಕದಲ್ಲಿ ಬ್ಯಾರಿ ಗ್ಯಾರಡ್‌ನ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದ. ಗೆರೆ ಸೊಟ್ಟಗೆ ಬಂತು.

ಎಲ್ಮ್‌ಸ್ಟೋ ಊರಿನ ಸಭಾಭವನದಲ್ಲಿ ಆ ಶನಿವಾರ ಬೆಳಿಗ್ಗೆ ವೇಷ ತಪಾಸಣೆ ನಡೆದಿತ್ತು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಸ್ಯಾಕ್ಸನ್ ಜನರಂತೆ ಉಟ್ಟು, ಉಂಡು, ಕಾದಾಡಿ ತೋರಿಸುವ ಬಳಗ ಅದು. ಪ್ರದರ್ಶನದ ಬಯಲಿಗಿಳಿದ ಮೇಲೆ ಕನ್ನಡಕ, ಕೈಗಡಿಯಾರ, ಜಿಪ್ಪು, ಮಿಷನ್ ದಾರ ಒಂದೂ ಕಣ್ಣಿಗೆ ಬೀಳಕೂಡದು. ಬೀಳದಂತೆ ನೋಡಿಕೊಳ್ಳುವ ಕೆಲಸ ಹನ್ನೊಂದು ವರ್ಷಗಳಿಂದ ನೆವಿಲ್‌ನದು. ಬಳಗದಲ್ಲಿ ಅವನಿಗೆ ‘ಹೊಲಿಗೆ ಪೊಲೀಸ್’ ಎಂದೇ ಹೆಸರು.

ನಿಜವಾದ ಪೊಲೀಸು ಇವತ್ತು ಹಿಂದಿನ ಬೆಂಚಿನಲ್ಲಿತ್ತು. ಸಾರ್ಜೆಂಟ್ ಥರ್ಕೆಟಲ್ ಕಾಲ ಮೇಲೆ ಕಾಲು ಹಾಕಿಕೊಂಡು, ಓಟ್ಸ್ ಬಿಲ್ಲೆ ತಿನ್ನುತ್ತ ಕೂತಿದ್ದಳು. “ಸುಮ್ಮನೆ ನೋಡೋಕೆ ಬಂದೆ” ಎಂದಿದ್ದಳು. ಆಕೆ ಯಾವುದನ್ನೂ ಸುಮ್ಮನೆ ನೋಡುವವಳಲ್ಲ ಎಂಬುದು ಹತ್ತು ದಿನಗಳಲ್ಲಿ ಊರಿಗೆಲ್ಲ ತಿಳಿದಿತ್ತು.

ಹತ್ತು ದಿನಗಳ ಹಿಂದೆ, ಊರ ಪ್ರದರ್ಶನಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದ ಎಲ್ಮ್‌ಸ್ಟೋ ಸ್ಯಾಕ್ಸ್ ಅಸಲಿಯಲ್ಲ, ನಕಲಿ ಎಂದು ಗೊತ್ತಾಗಿತ್ತು. ಸ್ಯಾಕ್ಸ್ ಎಂದರೆ ಆ ಜನರ ಸೊಂಟದ ಚೂರಿ. ಒಂದೇ ಕಡೆ ಬಾಯಿ, ತುದಿಯ ಹತ್ತಿರ ಸೊಟ್ಟಗೆ ಮುರಿದು ಇಳಿಯುವ ಬೆನ್ನು. ನದಿಯ ಕೆಸರಿನಲ್ಲಿ ಹೂತಿದ್ದರಿಂದ ಅಸಲಿಗೆ ಮರದ ಹಿಡಿಯೂ ಉಳಿದುಕೊಂಡಿತ್ತು. ಅದನ್ನು ಎತ್ತಿಕೊಂಡ ಯಾರೋ ಅಂಥದೇ ಇನ್ನೊಂದನ್ನು ಇಟ್ಟು ಹೋಗಿದ್ದರು.

ಆ ನಕಲಿಯನ್ನು ಪರೀಕ್ಷಿಸಲು ಪೊಲೀಸರು ಕರೆಸಿದ್ದು ನೆವಿಲ್‌ನನ್ನೇ. ಮಂಗಳವಾರ ಅವನು ಸಹಿ ಮಾಡಿದ ಹೇಳಿಕೆಯಲ್ಲಿ ಹೀಗಿತ್ತು: ‘ಇದು ಕುಲುಮೆಯಲ್ಲಿ ಕೈಯಿಂದ ಬಡಿದು ಮಾಡಿದ ಅಲಗು. ಈ ಸೀಮೆಯಲ್ಲಿ ಇಂಥ ಕೆಲಸ ಬಲ್ಲ ಕೈ ಒಂದೇ.’

ಅದು ಗ್ವೆಂಡಾ ಕೆರಿಜ್‌ಳ ಕೈ. ಪ್ರದರ್ಶನಾಲಯದ ಕುಲುಮೆ ನಡೆಸುವವಳು. ಗಾಜಿನ ಪೆಟ್ಟಿಗೆಯ ಬೀಗದ ಕೈ ಇದ್ದ ಮೂವರಲ್ಲಿ ಒಬ್ಬಳು.

ಆ ಹೇಳಿಕೆ ಸುಳ್ಳಾಗಿತ್ತು. ಸಹಿ ಮಾಡುವಾಗಲೇ ನೆವಿಲ್‌ಗೆ ಅದು ಗೊತ್ತಿತ್ತು.

ಬಾಗಿಲು ತೆರೆದುಕೊಂಡಿತು. ಬ್ಯಾರಿ ಬಗ್ಗಿ, ಬಿಚ್ಚಿರದ ಬೂಟಿನ ಲೇಸು ಕಟ್ಟತೊಡಗಿದ.

ಬಂದವಳು ಗ್ವೆಂಡಾ. ನಾಲ್ಕು ದಿನಗಳಲ್ಲಿ ಮುಖ ಇಳಿದುಹೋಗಿತ್ತು. ಕುಲುಮೆಯ ಕೆಲಸದಿಂದ ಅವಳನ್ನು ತೆಗೆದಿದ್ದರು. ಸೋಮವಾರ ಆರೋಪ ಹೊರಿಸುತ್ತಾರೆ ಎಂದು ಊರೆಲ್ಲ ಮಾತಾಡುತ್ತಿತ್ತು.

“ನಾನೂ ನಿಲ್ಲಬಹುದಾ?” ಎಂದಳು. “ಇಲ್ಲ, ಕಳ್ಳರಿಗೆ ಬೇರೆ ಸಾಲು ಮಾಡಿದ್ದೀರಾ?”

ಸಾಲು ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಅವಳಿಗೆ ಮರ್ಯಾದೆ ಕೊಟ್ಟು ಸರಿದರೋ, ಮೈ ಸೋಕೀತೆಂದು ಸರಿದರೋ, ನೆವಿಲ್‌ಗೆ ತಿಳಿಯಲಿಲ್ಲ.

ಗ್ವೆಂಡಾ ಸೊಂಟದ ಚೂರಿ ತೆಗೆದು ಮೇಜಿನ ಮೇಲಿಟ್ಟಳು. ಬಯಲಿಗೆ ಒಯ್ಯುವ ಚೂರಿ ಮೊಂಡಾಗಿರಬೇಕು. ತೆಳ್ಳನೆಯ ಪ್ಲಾಸ್ಟಿಕ್ ಚೀಲವೊಂದನ್ನು ಬಿಗಿಯಾಗಿ ಹಿಡಿದು, ಚೂರಿಯ ಬಾಯನ್ನು ಅದರ ಮೇಲೆ ಎಳೆಯುವುದು ಬಳಗದ ಪದ್ಧತಿ. ಚೀಲ ಹರಿದರೆ ಚೂರಿ ಮನೆಗೆ. ಸಾವಿರ ಸಲ ಮಾಡಿದ ಕೆಲಸ. ಇವತ್ತು ಚೀಲ ನೆವಿಲ್‌ನ ಬೆರಳಲ್ಲೇ ನಿಲ್ಲಲಿಲ್ಲ.

“ಕೈ ಯಾಕೆ ನಡುಗುತ್ತೆ, ನೆವ್?” ಗ್ವೆಂಡಾ ಮೆಲ್ಲಗೆ ಕೇಳಿದಳು. “ನಡುಗಬೇಕಾದವಳು ನಾನಲ್ವಾ?”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಚೀಲ ಕೆಳಗಿಟ್ಟ. ಹಿಂದಿನ ಬೆಂಚಿನತ್ತ ತಿರುಗಿದ. “ಸಾರ್ಜೆಂಟ್ ಥರ್ಕೆಟಲ್, ನನ್ನ ಹೇಳಿಕೆ ವಾಪಸು ತಗೋಬೇಕು.”

ಥರ್ಕೆಟಲ್ ಬೆರಳಿಗೆ ಅಂಟಿದ ಸಕ್ಕರೆ ನೆಕ್ಕಿಕೊಂಡು ಎದ್ದಳು. “ಯಾವ ಭಾಗ?”

“ಪೂರ್ತಿ.”

“ಪೂರ್ತಿ ಅಂದ್ರೆ?”

“ಆ ಅಲಗು ಕುಲುಮೆದಲ್ಲ. ಕಾರ್ಖಾನೆದು. ಯಾರು ಬೇಕಾದ್ರೂ ಅಂಚೆಯಲ್ಲಿ ತರಿಸಬಹುದು. ತರಿಸಿ, ಅರ ಹಾಕಿ, ಬೆನ್ನು ತಿದ್ದಿ, ವಿನಿಗರ್‌ನಲ್ಲಿ ಕುದಿಸಿ ಕಪ್ಪು ಮಾಡಿದ್ದಾರೆ. ಗ್ವೆಂಡಾ ಅದನ್ನ ಮುಟ್ಟಿಲ್ಲ.”

“ನಿಮಗೆ ಹೇಗೆ ಗೊತ್ತು?”

“ಅಲಗು ಹಿಡಿಗೆ ಸೇರೋ ಜಾಗದಲ್ಲಿ ಮೂಲೆಗಳು ಚೌಕ. ಸುತ್ತಿಗೆಯಿಂದ ಬಡಿದ್ರೆ ಅಷ್ಟು ಚೌಕ ಬರಲ್ಲ. ಯಂತ್ರದಲ್ಲಿ ಕತ್ತರಿಸಿದ್ದು. ಎಷ್ಟು ಅರ ಹಾಕಿದ್ರೂ ಪೂರ್ತಿ ಹೋಗಲ್ಲ.”

“ಹೋಗಲ್ಲ ಅಂತ ಹೇಗೆ ಗೊತ್ತು ಅಂತ ಕೇಳ್ತಿದ್ದೀನಿ.”

ನೆವಿಲ್ ಭವನದ ಮೂಲೆಯತ್ತ ನೋಡಿದ. ಅಲ್ಲಿ ಚಹಾದ ಹಂಡೆಯ ಹಿಂದೆ ಅವನ ಹೆಂಡತಿ ಮೇರಿಯನ್ ಲೋಟಗಳನ್ನು ಒರೆಸುತ್ತಿದ್ದಳು. ತಲೆ ಎತ್ತಿರಲಿಲ್ಲ.

ಅವನ ಹೆಸರಿಗೆ ಅಂಚೆಯಲ್ಲಿ ಆ ಪೊಟ್ಟಣ ಬಂದ ದಿನ ಬಾಗಿಲು ತೆರೆದವಳು ಅವಳು. ಚೂರಿಯ ಪೊಟ್ಟಣವನ್ನು ವಯಸ್ಸಿನ ದಾಖಲೆ ನೋಡದೆ ಯಾರ ಕೈಗೂ ಕೊಡುವುದಿಲ್ಲ. ಅವಳು ತನ್ನ ಡ್ರೈವಿಂಗ್ ಲೈಸೆನ್ಸ್ ತೋರಿಸಿ, ಸಹಿ ಹಾಕಿ, ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದಳು. ಆರು ವರ್ಷವಾಯಿತು. ಆ ಪೊಟ್ಟಣದ ಮಾತು ಅವಳೂ ಎತ್ತಿಲ್ಲ, ಇವನೂ ಎತ್ತಿಲ್ಲ.

“ಯಾಕಂದ್ರೆ ನನ್ನದೂ ಅದೇ,” ಎಂದ ನೆವಿಲ್.

“ನಿನ್ನದು ಅಂದ್ರೆ?” ಬ್ಯಾರಿ ಲೇಸು ಬಿಟ್ಟು ನೆಟ್ಟಗಾದ. “ಬಹುಮಾನ ಬಂತಲ್ಲ, ಅದಾ?”

“ಅದೇ.”

“ನೀನೇ ಬಡಿದದ್ದು ಅಂದಿದ್ದೆ!”

“ಹೂಂ ಅಂದಿದ್ದೆ.”

ನಿಜಕ್ಕೂ ಅಷ್ಟೇ ಅಂದಿದ್ದ. ಆರು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಆ ಚೂರಿ ಕನ್ನಡಿಯಂತೆ ಹೊಳೆಯುತ್ತ, ಹೊಳಪಿನ ಎಣ್ಣೆ ಬಳಿದ ಹಿಡಿಯೊಂದಿಗೆ ಬಂದಿತ್ತು. ಮನೆ ಹಿಂದಿನ ಶೆಡ್ಡಿನಲ್ಲಿ ಎಂಟು ವಾರ ಅದರ ಮೇಲೆ ಕೂತಿದ್ದ. ಹಿಡಿ ಕಿತ್ತ. ಕಂಪನಿಯ ಮುದ್ರೆ ಉಜ್ಜಿದ. ಊರ ಸ್ಯಾಕ್ಸಿನ ಚಿತ್ರ ಮುಂದಿಟ್ಟುಕೊಂಡು ಬೆನ್ನಿನ ಗೆರೆ ತಿದ್ದಿದ. ವಿನಿಗರ್‌ನಲ್ಲಿ, ಆಮೇಲೆ ಕಡುಚಹಾದಲ್ಲಿ ಕುದಿಸಿ ಕಪ್ಪು ಬಣ್ಣ ಬರಿಸಿದ. ಚರ್ಚಿನ ಅಂಗಳದಲ್ಲಿ ಬಿದ್ದ ಯೂ ಮರದ ಕೊಂಬೆಯಿಂದ ಹೊಸ ಹಿಡಿ ಕಡೆದ. ಜೀವನದಲ್ಲಿ ಅಷ್ಟು ಸಂತೋಷದ ಎಂಟು ವಾರಗಳನ್ನು ಅವನು ಕಂಡಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಯಾರೂ ಅವನನ್ನು ಹಂಗಿಸುತ್ತಿರಲಿಲ್ಲ. ಬಳಗದ ಅರ್ಧ ಜನ ಹಾಗೆಯೇ ಮಾಡುವವರು. ಆದರೆ ಮೊದಲ ದಿನ ಯಾರೋ “ನೀನೇ ಬಡಿದದ್ದಾ ನೆವ್?” ಎಂದು ಬೆರಗಾಗಿ ಕೇಳಿದರು. ಅವನ ಬಾಯಿಂದ ‘ಹೂಂ’ ಬಂದುಹೋಯಿತು.

ಆಮೇಲೆ ಬಹುಮಾನ ಬಂತು. ಗ್ರಂಥಾಲಯದಲ್ಲಿ ಕುಲುಮೆಯ ಬಗ್ಗೆ ಭಾಷಣ ಮಾಡಿದ. ಆಮೇಲೆ ಒಂದು ದಿನ ಡೆಸ್ಮಂಡ್ ಎಂಬ ಹೊಸಬನೊಬ್ಬ ಬಂದ. ಅವನ ಸೊಂಟದಲ್ಲಿ ಅದೇ ಕಂಪನಿಯ, ಅದೇ ಅಲಗಿನ ಚೂರಿ. ನೆವಿಲ್ ಅದನ್ನು ಎಲ್ಲರೆದುರು ಎತ್ತಿ ಹಿಡಿದು, “ಇಂಥ ಅಂಗಡಿ ಸಾಮಾನು ಇಲ್ಲಿ ನಡೆಯೋದಿಲ್ಲ” ಎಂದು ವಾಪಸು ಕಳಿಸಿದ. ಆ ಮನುಷ್ಯ ಮತ್ತೆ ಬರಲೇ ಇಲ್ಲ. ಕೆಲವು ರಾತ್ರಿ ನೆವಿಲ್‌ಗೆ ಬಹುಮಾನ ನೆನಪಾಗುತ್ತಿರಲಿಲ್ಲ, ಡೆಸ್ಮಂಡ್‌ನ ಮುಖ ನೆನಪಾಗುತ್ತಿತ್ತು.

“ಡೆಸ್ಮಂಡ್‌ನ ಓಡಿಸಿದೆಯಲ್ಲೋ!” ಬ್ಯಾರಿಗೂ ಅದೇ ನೆನಪಾಗಿತ್ತು. “ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು. ನನ್ನ ಕಂಕುಳಲ್ಲಿ ದಾರ ಹುಡುಕ್ತಿದ್ದೀಯ, ನಿನ್ನ ಸೊಂಟದಲ್ಲಿ ಕಾರ್ಖಾನೆನೇ ಇದೆ!”

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

“ಸಾಕು ಬ್ಯಾರಿ,” ಎಂದಳು ಥರ್ಕೆಟಲ್. ಪುಸ್ತಕ ತೆರೆದಳು. “ವೂಲ್ನೋ ಅವರೇ, ಮಂಗಳವಾರ ಒಂದು ಹೇಳಿದ್ರಿ, ಶನಿವಾರ ಇನ್ನೊಂದು ಹೇಳ್ತಿದ್ದೀರಿ. ಯಾವುದನ್ನ ನಂಬಲಿ? ಗೆಳತಿನ ಉಳಿಸೋಕೆ ಇದನ್ನ ಹೇಳ್ತಿಲ್ಲ ಅಂತ ಏನು ಗ್ಯಾರಂಟಿ?”

“ಮಂಗಳವಾರ ನನ್ನ ಮಾನ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದೆ. ಇವತ್ತಿನದು ನಿಜ, ತೋರಿಸ್ತೀನಿ.” ನೆವಿಲ್ ಒರೆಯಿಂದ ತನ್ನ ಸ್ಯಾಕ್ಸ್ ಎಳೆದು ಮೇಜಿನ ಮೇಲಿಟ್ಟ. “ಹಿಡಿಯೊಳಗೆ ಹೋಗೋ ಬಾಲ ಇರುತ್ತಲ್ಲ, ಕಾರ್ಖಾನೆದಾದ್ರೆ ಅದರಲ್ಲಿ ಒಂದು ತೂತು ಇರುತ್ತೆ. ಪೆನ್ಸಿಲ್ ತೂರಿಸೋವಷ್ಟು. ಯಂತ್ರದಲ್ಲಿ ನೇತುಹಾಕೋಕೆ ಅಂತ ಕೊರೀತಾರೆ. ನನ್ನದರಲ್ಲಿ ಅದಿದೆ. ನಿಮ್ಮ ಹತ್ತಿರ ಇರೋ ನಕಲಿಯ ಹಿಡಿ ಬಿಚ್ಚಿಸಿ, ಅದರಲ್ಲೂ ಇರುತ್ತೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.”

“ನಿಮ್ಮದನ್ನ ಈಗಲೇ ಬಿಚ್ಚೋಕಾಗುತ್ತಾ?”

“ಆಗುತ್ತೆ. ಪೈನ್ ಮರದ ಅಂಟು, ಜೇನುಮೇಣ, ಇದ್ದಿಲ ಪುಡಿ. ಹಳೇ ಪದ್ಧತಿ. ಬಿಸಿನೀರು ಕೊಟ್ರೆ ಬಿಟ್ಟುಕೊಳ್ಳುತ್ತೆ.”

ಎಲ್ಲರ ಕಣ್ಣೂ ಚಹಾದ ಹಂಡೆಯತ್ತ ತಿರುಗಿತು.

ಮೇರಿಯನ್ ಲೋಟ ಕೆಳಗಿಟ್ಟಳು. “ನೀರು ಅಷ್ಟು ಬಿಸಿ ಇಲ್ಲ,” ಎಂದಳು.

ಹಂಡೆಯ ಮುಚ್ಚಳದ ಸಂದಿನಿಂದ ಹಬೆ ಬುಸುಗುಡುತ್ತಿತ್ತು.

“ಇದ್ದಷ್ಟು ಸಾಕು, ತನ್ನಿ,” ಎಂದಳು ಥರ್ಕೆಟಲ್.

ಮೇರಿಯನ್ ಒಂದು ಗಳಿಗೆ ನಿಂತಲ್ಲೇ ನಿಂತಳು. ಆಮೇಲೆ ದೊಡ್ಡ ಜಗ್ಗಿನಲ್ಲಿ ನೀರು ಹಿಡಿದು ತಂದಳು. ಮೇಜಿನ ಮೇಲಿಡುವಾಗ ನೆವಿಲ್‌ನ ಮುಖ ನೋಡಲಿಲ್ಲ. ತನ್ನ ಸುಳ್ಳಿಗೆ ಅವಳು ಎಲ್ಲರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂದು ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅವನು ಚೂರಿಯನ್ನು ತಲೆಕೆಳಗಾಗಿ ಹಿಡಿದು ಹಿಡಿಯನ್ನು ನೀರಿನಲ್ಲಿ ಅದ್ದಿದ. ಒಂದು ನಿಮಿಷ. ಎರಡು ನಿಮಿಷ. ಪೈನ್ ಮರದ ವಾಸನೆ ಮೇಲಕ್ಕೆದ್ದಿತು. ಯಾರೋ ಕೆಮ್ಮಿದರು. ಗ್ವೆಂಡಾ ಒಂದು ಹೆಜ್ಜೆ ಮುಂದೆ ಬಂದಳು.

“ನೆವ್, ಬೇಡ,” ಎಂದಳು. “ನಿನ್ನ ಮಾತೇ ಸಾಕು. ಬಿಡು.”

“ಬಿಡೋಕಾಗಲ್ಲ ಗ್ವೆಂಡಾ. ನಾಲ್ಕು ದಿನ ಬಿಟ್ಟಿದ್ದಕ್ಕೇ ನಿನಗೆ ಈ ಗತಿ.”

ಅಲಗಿಗೆ ಬಟ್ಟೆ ಸುತ್ತಿ, ಹಿಡಿಯನ್ನು ತಿರುಚಿ ಎಳೆದ. ಕರ್ ಎಂದು ಸದ್ದಾಗಿ ಹಿಡಿ ಕೈಗೆ ಬಂತು. ಕಪ್ಪು ಅಂಟಿನ ಎಳೆಗಳನ್ನು ಹೆಬ್ಬೆರಳಿಂದ ಉಜ್ಜಿ ತೆಗೆದ.

ತೂತು ಇರಲಿಲ್ಲ.

ನೆವಿಲ್ ಮತ್ತೆ ಉಜ್ಜಿದ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಮೋಟು ಬಾಲ ಇರಬೇಕಾದ ಕಡೆ ಇಲಿಯ ಬಾಲದ ಹಾಗೆ ಸಣ್ಣಗಾಗುತ್ತ ಹೋದ ಉದ್ದನೆಯ ಕಬ್ಬಿಣ. ಅದರ ಮೈ ತುಂಬ ಸುತ್ತಿಗೆಯ ಗುಳಿಗಳು. ಅಲಗಿನ ಬುಡದ ಮೂಲೆಗಳು ಭುಜದ ಹಾಗೆ ದುಂಡಗೆ ಇಳಿದಿದ್ದವು.

ಕುಲುಮೆಯ ಕೆಲಸ. ಅದೂ ಎಂಥ ಕೆಲಸ!

“ತೂತೆಲ್ಲಿ ನೆವ್?” ಬ್ಯಾರಿ ಇಣುಕಿದ. ಅವನ ದನಿಯಲ್ಲಿ ಸಿಟ್ಟು ಹೋಗಿ ಗೊಂದಲ ಸೇರಿತ್ತು. “ಅಯ್ಯೋ, ಇದು ಬಡಿದದ್ದೇ ಅಲ್ವಾ? ಹಾಗಾದ್ರೆ ನೀನೇ ಮಾಡಿದ್ದಾ? ಗ್ವೆಂಡಾನ ಉಳಿಸೋಕೆ ನಿನ್ನ ಮುಖಕ್ಕೆ ನೀನೇ ಮಸಿ ಬಳ್ಕೊಂಡ್ಯಾ? ಎಂಥ ಮನುಷ್ಯನೋ ನೀನು!”

ಸಾಲಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅದು ನೆವಿಲ್‌ನ ಕಿವಿಗೆ ಬಿತ್ತು. ಬಿಟ್ಟುಹೋದ ಮಾನವೆಲ್ಲ ತಾನಾಗಿ ತಿರುಗಿ ಬಂದು ಬಾಗಿಲಲ್ಲಿ ನಿಂತಿತ್ತು. ಒಳಗೆ ಕರೆಯಲು ಒಂದೇ ಒಂದು ‘ಹೂಂ’ ಸಾಕಿತ್ತು. ಅದು ನಾಲಗೆಯ ತುದಿಯವರೆಗೂ ಬಂತು. ಅಷ್ಟು ದೂರ ಬಂತಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾಯಿತು.

“ಇಲ್ಲ,” ಎಂದ. “ಇದು ನನ್ನ ಚೂರಿ ಅಲ್ಲ.”

“ಹಿಡಿ?” ಥರ್ಕೆಟಲ್ ಕೇಳಿದಳು.

“ಹಿಡಿ ನನ್ನದು. ನಾನು ಕಡೆದದ್ದು. ಅಲಗು ಬೇರೆ ಯಾರದೋ.”

“ಯಾವಾಗಿಂದ ಬೇರೆ?”

ಅವನು ಪ್ರತಿ ವಾರ ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಪ್ರತಿ ಪ್ರದರ್ಶನದಲ್ಲೂ ಸೊಂಟಕ್ಕೆ ಕಟ್ಟುತ್ತಿದ್ದ. ಊರವರ ಚೂರಿಗಳಲ್ಲಿ ಕೂದಲೆಳೆಯ ತಪ್ಪು ಹುಡುಕುವವನಿಗೆ ತನ್ನ ಒರೆಯೊಳಗೆ ಅಲಗು ಬದಲಾದದ್ದು ತಿಳಿದಿರಲಿಲ್ಲ. ಬಡಿದೆ ಎಂದು ಸುಳ್ಳು ಹೇಳಿದ್ದಷ್ಟೇ ಅಲ್ಲ, ಬಡಿದದ್ದು ಕೈಗೆ ಬಂದಾಗ ಗುರುತು ಹಿಡಿಯುವ ಯೋಗ್ಯತೆಯೂ ತನಗಿರಲಿಲ್ಲ.

“ಗೊತ್ತಿಲ್ಲ,” ಎಂದ.

ಥರ್ಕೆಟಲ್ ಕೋಟಿನ ಒಳಜೇಬಿನಿಂದ ಒಂದು ಚಿತ್ರ ತೆಗೆದು, ಮೇಜಿನ ಮೇಲೆ ಬಿದ್ದಿದ್ದ ನೀರಿನ ಹನಿಗಳನ್ನು ಒರೆಸಿ, ಅಲ್ಲಿಟ್ಟಳು. ಹಿಡಿ ಬಿಚ್ಚಿದ ಅಲಗಿನ ಚಿತ್ರ. ಮೋಟು ಬಾಲ. ಅದರಲ್ಲಿ ಪೆನ್ಸಿಲ್ ತೂರುವಷ್ಟು ತೂತು.

“ಗಾಜಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು,” ಎಂದಳು. “ಗುರುವಾರವೇ ಪ್ರಯೋಗಾಲಯದವರು ಕಳಿಸಿದ್ರು. ತೂತಿನ ಪಕ್ಕ ನೋಡಿ.”

ಪಕ್ಕದಲ್ಲಿ ಮೊಳೆಯಿಂದ ಗೀಚಿದ ಎರಡಕ್ಷರ. ನೆ. ವೂ.

ಕಂಪನಿಯ ಹಿಡಿ ಕಿತ್ತ ದಿನವೇ ನೆವಿಲ್ ಅದನ್ನು ಗೀಚಿದ್ದ. ಶಾಲೆಯ ಹುಡುಗರು ಪೆಟ್ಟಿಗೆಯ ಮೇಲೆ ಹೆಸರು ಬರೆದುಕೊಳ್ಳುವ ಹಾಗೆ. ಆಗಿನ್ನೂ ಸುಳ್ಳು ಹುಟ್ಟಿರಲಿಲ್ಲ.

“ಸೋಮವಾರ ಆರೋಪ ಹೊರಿಸ್ತಾರೆ ಅಂತ ಊರೆಲ್ಲ ಮಾತಾಡ್ತಿದೆ,” ಎಂದಳು ಥರ್ಕೆಟಲ್. “ಯಾರ ಮೇಲೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಪೆಟ್ಟಿಗೆಯಲ್ಲಿ ನಿಮ್ಮ ಚೂರಿ ಸಿಗುತ್ತೆ. ನೀವೇ ಅದನ್ನ ಪರೀಕ್ಷೆ ಮಾಡಿ ಇನ್ನೊಬ್ಬರ ತಲೆಗೆ ಕಟ್ತೀರಿ. ನೀವು ನನ್ನ ಜಾಗದಲ್ಲಿದ್ರೆ ಏನು ಯೋಚಿಸ್ತಿದ್ರಿ?”

“ನಾನು ಕದ್ದಿಲ್ಲ.”

“ಮಂಗಳವಾರವೂ ಇಷ್ಟೇ ಗಟ್ಟಿಯಾಗಿ ಹೇಳಿದ್ರಿ.”

ಅವನಿಗೆ ಸಿಟ್ಟು ಬರಲಿಲ್ಲ. ಸುಳ್ಳುಗಾರ ನಿಜ ಹೇಳಿದ ದಿನ ಅದಕ್ಕೆ ಸಿಗಬೇಕಾದ ಬೆಲೆ ಅದೇ ಎನಿಸಿತು. ಅವನು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ.

“ಅವನಲ್ಲ,” ಎಂದಳು ಗ್ವೆಂಡಾ.

ಅವಳು ಮೇಜಿನ ಮೇಲಿದ್ದ ಅಲಗನ್ನು ಎತ್ತಿಕೊಂಡಳು. ಮಗುವಿನ ಮೂಗು ಒರೆಸುವ ಹಾಗೆ ತನ್ನ ಏಪ್ರನ್ನಿನ ತುದಿಯಿಂದ ಅದರ ಬಾಲಕ್ಕೆ ಅಂಟಿದ್ದ ಕಪ್ಪನ್ನು ಒರೆಸಿದಳು.

“ಇದನ್ನ ಬಡಿದಿದ್ದು ನಾನು. ಬದಲಾಯಿಸಿದ್ದೂ ನಾನೇ. ಮಾರ್ಚ್ ತಿಂಗಳಲ್ಲಿ.”

“ಯಾಕೆ?” ನೆವಿಲ್ ಕೇಳಿದ.

“ಯಾರ್ಕ್‌ನಿಂದ ದೊಡ್ಡ ತಪಾಸಣೆಯವರು ಬರ್ತಾರೆ ಅಂತ ಇತ್ತಲ್ಲ. ಅವರು ನಿನ್ನ ಹಾಗಲ್ಲ ನೆವ್, ಒಂದು ಸಲ ಕಣ್ಣು ಹಾಯಿಸಿದ್ರೆ ಸಾಕು, ಕಾರ್ಖಾನೆದು ಅಂತ ಹೇಳಿಬಿಡ್ತಿದ್ರು. ಎಲ್ಲರ ಮುಂದೆ.” ಅವಳು ಅಲಗಿನ ಮೇಲಿಂದ ಕಣ್ಣೆತ್ತಲಿಲ್ಲ. “ನನಗೆ ಮೊದಲ ದಿನವೇ ಗೊತ್ತಿತ್ತು. ಹಿಡಿ ಮಾತ್ರ ಚೆನ್ನಾಗಿತ್ತು. ಅದನ್ನೇ ಹೇಳಿಕೊಂಡಿದ್ರೆ ಸಾಕಾಗ್ತಿತ್ತು ನಿನಗೆ.”

ಆರು ವರ್ಷ. ಆರು ವರ್ಷ ಅವಳು ಅವನ ಭಾಷಣಗಳಿಗೆ ಚಪ್ಪಾಳೆ ತಟ್ಟಿದ್ದಳು.

“ಠಾಣೆಯಲ್ಲಿ ನಕಲಿಯನ್ನ ತೋರಿಸಿದಾಗ ನಿಮಗೆ ಗುರುತಾಗಿತ್ತಾ?” ಥರ್ಕೆಟಲ್‌ಳ ಪೆನ್ನು ಓಡುತ್ತಿತ್ತು.

“ನೋಡಿದ ಕೂಡಲೇ.”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಜೈಲಿಗೆ ಹೋಗೋಕೆ ತಯಾರಿದ್ರಾ?”

“ಬಾಯಿ ಬಿಟ್ರೆ ಮುಂದಿನ ಪ್ರಶ್ನೆ ಬರ್ತಿತ್ತು.”

“ಆ ಪ್ರಶ್ನೆ ಈಗ ಕೇಳ್ತಿದ್ದೀನಿ. ಹಿಡಿ ಬಿಚ್ಚಿ ಹೊಸ ಅಲಗಿಗೆ ಹಾಕಿದ್ರಿ. ಹಳೇ ಅಲಗು ಏನಾಯ್ತು?”

ಗ್ವೆಂಡಾ ಅಲಗನ್ನು ಮತ್ತೆ ಮೇಜಿನ ಮೇಲಿಟ್ಟಳು.

“ಕೆರಿಜ್ ಅವರೇ, ನೀವು ಹೇಳದಿದ್ರೆ ಈಗ ಇವರನ್ನ ಕರ್ಕೊಂಡು ಹೋಗ್ತೀನಿ. ಚೂರಿ ಮೇಲೆ ಇವರ ಹೆಸರಿದೆ.”

ಗ್ವೆಂಡಾ ನೆವಿಲ್‌ನನ್ನು ನೋಡಿದಳು. ಅವಳ ಕಣ್ಣಲ್ಲಿದ್ದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ನಾಲ್ಕು ದಿನಗಳಿಂದ ಅವನು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ.

“ಕ್ಷಮಿಸು ನೆವ್,” ಎಂದಳು. “ಅದನ್ನ ಬಿಸಾಡೋಕೆ ನನಗೆ ಮನಸ್ಸು ಬರಲಿಲ್ಲ. ಎಂಟು ವಾರ ಕೂತು ಮಾಡಿದ್ದೆ ನೀನು. ಮೇರಿಯನ್ ಕೈಗೆ ಕೊಟ್ಟೆ. ಮನೇಲಿ ಎಲ್ಲಾದ್ರೂ ಇಟ್ಟಿರು ಅಂದೆ.”

ಯಾರೂ ತಿರುಗಿ ನೋಡಲು ಧೈರ್ಯ ಮಾಡಲಿಲ್ಲ. ನೆವಿಲ್ ಒಬ್ಬನೇ ತಿರುಗಿದ.

ಮೇರಿಯನ್ ಜಗ್ಗಿನ ಪಕ್ಕದಲ್ಲೇ, ಅವನಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಒದ್ದೆ ಕೈಗಳನ್ನು ಒರೆಸಿಕೊಂಡಳು. ಏಪ್ರನ್ನಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟಳು. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಹೆಂಗಸು ಅಷ್ಟು ನಿಧಾನವಾಗಿ ಯಾವುದನ್ನಾದರೂ ಮಡಿಸಿದ್ದನ್ನು ಅವನು ನೋಡಿರಲಿಲ್ಲ.

“ನಮ್ಮನೇಲಿ ಅದು ಎರಡು ವಾರ ಇತ್ತು, ಸಾರ್ಜೆಂಟ್,” ಎಂದಳು. ದನಿ ಶಾಂತವಾಗಿತ್ತು. “ಆಮೇಲೆ ಕೇಳಿದವರ ಕೈಗೆ ನಾನೇ ಕೊಟ್ಟೆ. ಯಾತಕ್ಕೆ ಕೇಳ್ತಿದ್ದಾರೆ ಅಂತ ಗೊತ್ತಿದ್ದೇ ಕೊಟ್ಟೆ.”

“ಮೇರಿಯನ್!” ಎಂದ ನೆವಿಲ್.

ಅವಳು ಅವನತ್ತ ನೋಡಲೇ ಇಲ್ಲ.

“ಯಾರಿಗೆ ಕೊಟ್ರಿ?” ಥರ್ಕೆಟಲ್ ಕೇಳಿದಳು.

“ಹೇಳ್ತೀನಿ. ಎಲ್ಲಾನೂ ಹೇಳ್ತೀನಿ. ಆದ್ರೆ ಅದಕ್ಕೆ ಮೊದಲು ನನ್ನ ಗಂಡನ್ನ ಹೊರಗೆ ಕಳಿಸಿ.”

ಥರ್ಕೆಟಲ್ ಪೆನ್ನು ಕೆಳಗಿಟ್ಟಳು. ಒಂದು ಕ್ಷಣ ಹೆಂಡತಿಯ ಮುಖ ನೋಡಿದಳು, ಒಂದು ಕ್ಷಣ ಗಂಡನ ಮುಖ ನೋಡಿದಳು. ಆಮೇಲೆ ಹೋಗಿ ಬಾಗಿಲು ತೆರೆದು ಹಿಡಿದಳು.